ಹಾಕಿಯೂ ಅದರ ನೆಲವೂ

ಹಾಕಿ ಎಂದೊಡನೆ ನಮ್ಮ ವಾಚಕರ ಕಣ್ಣಮುಂದೆ ಒಂದು ಬಯಲೂ ಹನ್ನೊಂದು ಮಂದಿಯ ಎರಡು ತಂಡಗಳೂ ಬಂದು ನಿಲ್ಲುವುವು. ಕೆನಡಾ ದೇಶದವನಿಗಾದರೋ ಆ ಮಾತಿನಿಂದ ತೋರುವುದು ಮಂಜುಗಡ್ಡೆ. ಕೈಯಲ್ಲಿ ಕೋಲು, ಹೊಡೆಯುವುದಕ್ಕೊಂದು ವಸ್ತು, ಮುಟ್ಟಿಸುವುದಕ್ಕೊಂದು ಗುರಿ, ಇವಿಷ್ಟೇ ಎಲ್ಲೆಡೆಯೂ ಸಮಾನ. ಉಳಿದುದನ್ನು ಬಹುಮಟ್ಟಿಗೆ ಕಾಲ ಕೆಳಗಿನ ನೆಲವೇ ವಿಧಿಸುವುದೆಂದು ನಾವು ಭಾವಿಸುತ್ತೇವೆ.

೧೮೭೫ರ ಮಾರ್ಚಿ ತಿಂಗಳಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಮಾಡಿನ ಕೆಳಗೆ ಮಂಜಿನ ಹಾಕಿಯ ಪಂದ್ಯವೊಂದು ಏರ್ಪಟ್ಟಿತು. ಚೆಂಡು ಪುಟಿದು ಪ್ರೇಕ್ಷಕರಿಗೆ ತಗುಲೀತೆಂದು ಮರದ ಚಪ್ಪಟೆ ಬಿಲ್ಲೆಯನ್ನು ಉಪಯೋಗಿಸಿದರು. ಇಂದಿನ ಬಿಲ್ಲೆ ಗಟ್ಟಿ ರಬ್ಬರಿನದು. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು ತಂಡಕ್ಕೆ ಆರು ಮಂದಿ ಜಾರುತ್ತ ಆಡುವರು. ರಷ್ಯ, ಸ್ವೀಡನ್ ದೇಶಗಳಲ್ಲಿ ಅದೇ ಮಂಜಿನ ಮೇಲೆ ಹನ್ನೊಂದು ಮಂದಿ ಚೆಂಡಿನಿಂದಲೇ ಆಡುವುದುಂಟು. ಅದರ ಹೆಸರು ಬ್ಯಾಂಡಿ. ನಡೆಯಲಾರದವರು ಅಲಗುಳ್ಳ ಗಾಡಿಯಲ್ಲಿ ಕುಳಿತು, ಎರಡು ಕೈಗಳಲ್ಲಿಯೂ ಗಿಡ್ಡ ಕೋಲು ಹಿಡಿಯುವರು. ಕೋಲಿನ ಒಂದು ತುದಿ ಹೊಡೆಯುವುದಕ್ಕೆ, ಮುಳ್ಳುಳ್ಳ ಮತ್ತೊಂದು ತುದಿ ಮಂಜನ್ನೂರಿ ಮುಂದೆ ಸಾಗುವುದಕ್ಕೆ. ೧೯೫೪ರಲ್ಲಿ ಇಂಗ್ಲೆಂಡಿನ ಮುಳುಗುಗಾರರು ಈಜುಕೊಳದ ತಳದಲ್ಲಿಯೇ ಉಸಿರು ಬಿಗಿಹಿಡಿದು ಆಡತೊಡಗಿದರು. ಅದನ್ನು ಓದುವಾಗಲೇ ನಮಗೆ ಉಸಿರು ಕಟ್ಟಿತು!

ನಮ್ಮ ದೇಶದ ಮಣಿಪುರದಲ್ಲಿರುವ ಮುಕ್ನಾ ಕಾಂಗ್ಜೈ ಎಂಬ ಆಟದಲ್ಲಿ ಹಾಕಿಯೊಡನೆ ಮಲ್ಲಯುದ್ಧವೂ ಕೂಡಿದೆ. ತಂಡಕ್ಕೆ ಏಳು ಮಂದಿ. ಚೆಂಡು ಬಿದಿರಿನ ಬೇರಿನದು. ಚೆಂಡನ್ನೆತ್ತಿಕೊಂಡು ಓಡುವವನನ್ನು ಎದುರಾಳಿಯು ಹಿಡಿದು ಕೆಡಹಬಹುದು.

ಇನ್ನು ನಮ್ಮ ಬಯಲಿನ ಹಾಕಿ. ಮಣ್ಣು ಹುಲ್ಲುಗಳ ಮೇಲೆ ಚೆಂಡು ಒಮ್ಮೆ ಪುಟಿಯುವುದು, ಒಮ್ಮೆ ತಡೆಯುವುದು. ಅದನ್ನು ಕೋಲಿಗೆ ಅಂಟಿಸಿದಂತೆ ನಡೆಯಿಸುವ ಮಣಿಕಟ್ಟಿನ ಚಾತುರ್ಯವು ನಮ್ಮವರ ಸೊತ್ತಾಗಿದ್ದಿತು. ೧೯೨೮ರಿಂದ ೧೯೫೬ರವರೆಗೆ ಒಲಿಂಪಿಕ್ ಕೂಟಗಳಲ್ಲಿ ಆರು ಬಾರಿ ಎಡೆಬಿಡದೆ ಚಿನ್ನವನ್ನು ಗೆದ್ದರು. ೧೯೭೫ರಲ್ಲಿ ವಿಶ್ವಕಪ್ಪೂ ಬಂದಿತು. ಮರುವರ್ಷವೇ, ಮೇಲೆ ಹೇಳಿದ ಆ ಮಾಂಟ್ರಿಯಲ್ಲಿನಲ್ಲಿಯೇ, ಒಲಿಂಪಿಕ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಿದರು. ಹುಲ್ಲೆಂಬುದು ಅದಕ್ಕೆ ಹೆಸರು ಮಾತ್ರ. ಅಲ್ಲಿ ಚೆಂಡು ನೇರವಾಗಿ, ಅತಿವೇಗವಾಗಿ ಓಡುವುದು; ದೂರದ ಹೊಡೆತಕ್ಕೂ ದೇಹಬಲಕ್ಕೂ ಪ್ರಾಶಸ್ತ್ಯ. ೧೯೨೮ರಿಂದ ಪದಕವಿಲ್ಲದೆ ಮರಳದಿದ್ದ ನಮ್ಮ ತಂಡಕ್ಕೆ ಏಳನೆಯ ಸ್ಥಾನ ದೊರಕಿತು. ಹಾಸೊಂದೇ ಕಾರಣವೆನ್ನಲಾಗದು, ಆದರೆ ಬಹು ವೆಚ್ಚದ ಆ ಹಾಸು ಹಳ್ಳಿಯ ಹುಡುಗನಿಗೆಲ್ಲಿ ದೊರೆಯಬೇಕು? ೧೯೮೦ರ ಚಿನ್ನದ ತರುವಾಯ ಮತ್ತೊಂದು ಪದಕಕ್ಕೆ ೨೦೨೧ರವರೆಗೆ ಕಾಯಬೇಕಾಯಿತು.

ಆ ದೀರ್ಘಕಾಲದಲ್ಲಿಯೂ ನಮ್ಮ ಕೊಡಗಿನವರು ಕೋಲನ್ನು ಕೆಳಗಿಡಲಿಲ್ಲ. ೧೯೯೭ರಲ್ಲಿ ಅಲ್ಲಿ ಕೊಡವ ಒಕ್ಕಗಳ ನಡುವಣ ಪಂದ್ಯವು ಆರಂಭವಾದಾಗ ೬೦ ತಂಡಗಳು ಸೇರಿದ್ದುವು. ೨೦೨೪ರಲ್ಲಿ ನಾಪೋಕ್ಲಿನಲ್ಲಿ ಸೇರಿದುವು ೩೬೦. ಹೆಂಗಸರೂ ಹಿರಿಯರೂ ಮಕ್ಕಳೂ ತಂತಮ್ಮ ಮನೆತನದ ಹೆಸರಿನಲ್ಲಿ ಒಂದೇ ತಂಡವಾಗಿ ಅಲ್ಲಿ ಕಣಕ್ಕಿಳಿಯುವರು.