ಅಂಗಾಲಿನ ಕಪ್ಪು ಕಲೆಗೆ ಲಸಿಕೆ ಎಷ್ಟು ದೂರ?

ಕ್ಯಾನ್ಸರ್‌ಗೆ ಲಸಿಕೆ ಎಂದೊಡನೆ ಅನುಮಾನ ಹುಟ್ಟಿದರೆ ತಪ್ಪಿಲ್ಲ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದೇ ಅದಕ್ಕೆ ಸಾಕು. ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್, ಉಲ್ಬಣಿಸಿ ಶಸ್ತ್ರಚಿಕಿತ್ಸೆಯ ಕೈಮೀರಿದ್ದ 676 ರೋಗಿಗಳ ಮೇಲೆ ಇಪಿಲಿಮುಮಾಬ್ ಎಂಬ ಔಷಧವನ್ನೂ ಜಿಪಿ100 ಎಂಬ ಲಸಿಕೆಯನ್ನೂ ಪರೀಕ್ಷಿಸಲಾಯಿತು. ಬದುಕುಳಿದ ಮಧ್ಯಮ ಅವಧಿ ಲಸಿಕೆ ಮಾತ್ರ ಪಡೆದವರಲ್ಲಿ 6.4 ತಿಂಗಳು, ಔಷಧ ಮಾತ್ರ ಪಡೆದವರಲ್ಲಿ 10.1, ಎರಡನ್ನೂ ಪಡೆದವರಲ್ಲಿ 10. ಔಷಧಕ್ಕೆ ಮರುವರ್ಷ ಅಮೆರಿಕದ ಪರವಾನಗಿ ಸಿಕ್ಕಿತು; ಅದರ ಹಿಂದಿನ ಶೋಧಕ್ಕಾಗಿ ಜೇಮ್ಸ್ ಆಲಿಸನ್ 2018ರ ನೊಬೆಲ್ ಹಂಚಿಕೊಂಡರು. ಲಸಿಕೆ ಮೂಲೆ ಸೇರಿತು. ಜಿಪಿ100 ಆರೋಗ್ಯವಂತ ಕೋಶದಲ್ಲೂ ಇರುವ ಪ್ರೋಟೀನು; ದೇಹದ ರಕ್ಷಣಾ ವ್ಯವಸ್ಥೆಗೆ ಅದು ತನ್ನದೇ. ಮನೆಯವರ ಮೇಲೆಯೇ ಛೂ ಬಿಟ್ಟರೆ ನಾಯಿ ಬಾಲ ಅಲ್ಲಾಡಿಸುತ್ತದೆಯೇ ಹೊರತು ಕಚ್ಚುವುದಿಲ್ಲ.

ಈ ಕೊರತೆ ನೀಗಿಸಲು ಮಾಡೆರ್ನಾ ಮತ್ತು ಮರ್ಕ್ ಕಂಪನಿಗಳು ಬೇರೆ ದಾರಿ ಹಿಡಿದವು. ಪ್ರತಿ ರೋಗಿಯ ಗಡ್ಡೆಯ ಜೀನುಗಳನ್ನು ಓದಿ, ಗಡ್ಡೆಯಲ್ಲಷ್ಟೇ ಇರುವ ಗರಿಷ್ಠ 34 ರೂಪಾಂತರಗಳನ್ನು ಆರಿಸಿ, ಆತನಿಗೊಬ್ಬನಿಗೇ ಎಂಆರ್‌ಎನ್‌ಎ ಲಸಿಕೆ ತಯಾರಿಸಿದವು. ಇಪಿಲಿಮುಮಾಬ್‌ನಂತೆ ರೋಗನಿರೋಧಕ ಶಕ್ತಿಯ ತಡೆ ಬಿಡಿಸುವ ಪೆಂಬ್ರೊಲಿಜುಮಾಬ್ ಎಂಬ ಔಷಧದ ಜೊತೆ ಅದನ್ನು ಕೊಟ್ಟಾಗ, ಔಷಧ ಮಾತ್ರ ಪಡೆದವರಿಗಿಂತ ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ 44ರಷ್ಟು ತಗ್ಗಿತೆಂದು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದವು. ಪ್ರಯೋಗದಲ್ಲಿದ್ದವರು 157 ಜನ ಮಾತ್ರ, ಅವರೆಲ್ಲರ ಗಡ್ಡೆಯನ್ನು ಮೊದಲೇ ತೆಗೆಯಲಾಗಿತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಹರಡಿಹೋದ ರೋಗಕ್ಕೆ ಇದೇ ಮದ್ದು ಎನ್ನಲು ಆ ಅಂಕಿ ಸಾಲದು. ಆದರೂ ಗುರಿ ಬದಲಾದರೆ ಫಲವೂ ಬದಲಾದೀತು ಎಂಬ ತರ್ಕಕ್ಕೆ ಬಲ ಬಂದಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓದುಗರಿಗೆ ತೊಡಕಾಗುವುದೂ ಈ ಗುರಿಯೇ. ಬಿಳಿಯರ ಮೆಲನೋಮಾದಲ್ಲಿ ರೂಪಾಂತರಗಳನ್ನು ತುಂಬುವುದು ಹೆಚ್ಚಾಗಿ ಬಿಸಿಲು. ನಮ್ಮಲ್ಲಿ ಈ ರೋಗ ಅಪರೂಪ; ಬಂದಾಗ ಹೆಚ್ಚಾಗಿ ಬಿಸಿಲು ಕಾಣದ ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ. ಅಲ್ಲಿ ರೂಪಾಂತರ ಕಡಿಮೆ, ಹಾಗಾಗಿ ಲಸಿಕೆಗೆ ಆರಿಸಿಕೊಳ್ಳಲು ಗುರುತುಗಳೂ ಕಡಿಮೆ. ಅಪರೂಪದ ರೋಗಕ್ಕೆ ಇಷ್ಟು ಚಿಂತೆ ಏಕೆ ಎನ್ನಬಹುದು. ಪೆಂಬ್ರೊಲಿಜುಮಾಬ್ ವರ್ಗದ ಔಷಧ ಗುಟ್ಕಾ ತಂದಿಡುವ ಬಾಯಿ ಕ್ಯಾನ್ಸರಿಗೂ ಬೇಕು, ಅದಕ್ಕೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಬಾಯಿ ಕ್ಯಾನ್ಸರೂ ಸೇರಿದ ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಿಗೆ ಮಾಮೂಲಿ 240 ಮಿಲಿಗ್ರಾಂ ಬದಲು ಬರೀ 20 ಮಿಲಿಗ್ರಾಂ ನಿವೊಲುಮಾಬ್ ಎಂಬ ಈ ವರ್ಗದ ಔಷಧವನ್ನು ಮೂರು ವಾರಕ್ಕೊಮ್ಮೆ ಕೊಟ್ಟು, ಒಂದು ವರ್ಷ ಬದುಕಿದವರ ಪ್ರಮಾಣ, ಆ ಔಷಧ ಪಡೆಯದವರಲ್ಲಿದ್ದ ಶೇ 16.3ರಿಂದ 43.4ಕ್ಕೆ ಏರಿದ್ದನ್ನು 2023ರಲ್ಲಿ ತೋರಿಸಿದರು. ದುಬಾರಿ ಲಸಿಕೆಗೆ ಕಾಯುವುದಕ್ಕಿಂತ ಇಂಥ ಪ್ರಯೋಗ ಅಂಗಾಲಿನ ಮೆಲನೋಮಾದ ಮೇಲೂ ನಡೆಯುವುದು ನಮಗೆ ಹೆಚ್ಚು ತುರ್ತು. ಅಲ್ಲಿಯವರೆಗೆ, ಆಣಿಯೆಂದೋ ಮುಳ್ಳು ನೆಟ್ಟದ್ದೆಂದೋ ಬಿಟ್ಟ ಕಪ್ಪು ಕಲೆ ಬೆಳೆಯುತ್ತಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ತೆಳ್ಳಗಿದ್ದಾಗಲೇ ಕತ್ತರಿಸಿ ತೆಗೆದರೆ ಹೆಚ್ಚಿನವರಿಗೆ ಈ ಯಾವ ಔಷಧವೂ ಬೇಕಾಗದು.