ಮೂರು ನಿಮಿಷದ ಕಟ್ಟು

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಮಾದಪ್ಪನ ಕಥೆಯನ್ನು ಇರುಳಿಡೀ ಹಾಡುವ ಕಂಸಾಳೆಯವರನ್ನು ನೀವು ಕೇಳಿರಬಹುದು. ಅದನ್ನು ಮೂರೇ ನಿಮಿಷಕ್ಕೆ ಇಳಿಸಿರೆಂದರೆ? 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ತಜ್ಞ ಫ್ರೆಡ್ ಗೈಸ್‌ಬರ್ಗ್ ಗಾಯಕಿ ಗೌಹರ್ ಜಾನ್ ಅವರ ಮುಂದಿಟ್ಟ ಕಟ್ಟು ಇಂಥದೇ. ಮೇಣದ ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಆಕೆ ರಾಗವನ್ನು ಅಡಕಗೊಳಿಸಿ ಹಾಡಿ, ಕೊನೆಗೆ ತಮ್ಮ ಹೆಸರನ್ನು ಕೂಗಿ ಹೇಳಿದರು. ಜರ್ಮನಿಯ ಹ್ಯಾನೋವರಿನಲ್ಲಿ ಮುದ್ರಿಕೆ ಅಚ್ಚುಹಾಕುವವರಿಗೆ ಅದೇ ಗುರುತು. ಯಂತ್ರದ ಕೊರತೆಯಲ್ಲಿ ಹುಟ್ಟಿದ ಆ ಮುದ್ರಿಕೆಗಳು ದೇಶದಲ್ಲೆಲ್ಲ ಮೆಚ್ಚುಗೆ ಪಡೆದವು. ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದ ಗೌಹರ್ 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಹೆಸರು ಮಾತ್ರ ಅವರದೇ ಕಂಠದಲ್ಲಿ ಉಳಿದಿದೆ. ನಮ್ಮ ಕಂಸಾಳೆಯವರನ್ನು ಮುದ್ರಿಸುವವರೂ ಕಥೆಯ ಕೊನೆಗೆ ಹಾಡಿದವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಲಿ.