ನೀರು ಇಳಿದ ನಂತರ ಕುಸಿಯುವ ಮನೆಗಳು: ನೆರೆ ಪುನರ್ವಸತಿ ಯೋಜನೆಯಲ್ಲಿ ಗ್ರಾಮ ಪಂಚಾಯತಿಯ ಪಾತ್ರ

ಮಲಪ್ರಭಾ ದಡದ ಗ್ರಾಮಗಳಲ್ಲಿ ಮಣ್ಣಿನ ಮನೆಗಳು ಬಹುಪಾಲು ಬೀಳುವುದು ನೀರು ಏರಿದ ದಿನವಲ್ಲ, ಇಳಿದ ನಂತರ. ನೀರು ನಿಂತಿರುವಷ್ಟು ಹೊತ್ತು ಗೋಡೆಯ ಎರಡೂ ಬದಿಯ ಒತ್ತಡ ಹೆಚ್ಚುಕಡಿಮೆ ಸಮನಾಗಿರುತ್ತದೆ. ನೀರು ಸರಿದೊಡನೆ ಆ ಆಸರೆ ತಪ್ಪುತ್ತದೆ. ನೆನೆದು ಮೆತ್ತಗಾದ ಗೋಡೆಯ ಬುಡದ ಮೇಲೆ ಮಾಳಿಗೆಯ ಮಣ್ಣಿನ ಭಾರ ಮಾತ್ರ ಹಾಗೆಯೇ ಉಳಿಯುತ್ತದೆ. ಅಡಿಯ ಕಪ್ಪು ಮಣ್ಣು ಒಣಗುತ್ತಾ ಕುಗ್ಗಿದಂತೆ ಬಿರುಕು ಅಗಲವಾಗಿ, ಕೆಲವು ದಿನಗಳ ನಂತರ ಗೋಡೆ ಕುಸಿಯುತ್ತದೆ.

ಪರಿಹಾರದ ದೃಷ್ಟಿಯಿಂದ ಈ ಕೆಲವು ದಿನಗಳ ಅಂತರ ಬಹಳ ಮುಖ್ಯ. 2019ರ ಆಗಸ್ಟ್ ನೆರೆಯ ಸಂದರ್ಭದಲ್ಲಿ ಸಂಪೂರ್ಣ ಹಾನಿಯ 'ಎ' ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ 'ಸಿ' ವರ್ಗಕ್ಕೆ 50 ಸಾವಿರ ರೂಪಾಯಿ ನಿಗದಿಯಾಗಿತ್ತು. ನೀರು ಇಳಿದ ಮರುದಿನವೇ ಸಮೀಕ್ಷೆ ನಡೆದರೆ ಬಿರುಕು ಬಿಟ್ಟ ಮನೆ 'ಸಿ' ವರ್ಗಕ್ಕೆ ಸೇರುವ ಸಂಭವವಿದೆ. ಅದೇ ಮನೆ ಹತ್ತು ದಿನಗಳ ನಂತರ ನೆಲಸಮವಾದರೆ, ದಾಖಲೆಯಲ್ಲಿ ಮಾತ್ರ ಅದು ನಿಂತೇ ಇರುತ್ತದೆ. ಆದುದರಿಂದ ಮೊದಲ ಸಮೀಕ್ಷೆಯಲ್ಲಿ ಬಿರುಕು ಕಂಡ ಪ್ರತಿಯೊಂದು ಮಣ್ಣಿನ ಮನೆಯ ಪ್ರತ್ಯೇಕ ಪಟ್ಟಿಯನ್ನು ಸದಸ್ಯರು ತಮ್ಮ ವಾರ್ಡಿನಲ್ಲಿ ಇಟ್ಟುಕೊಂಡು, ದಿನಾಂಕ ಸಹಿತ ಛಾಯಾಚಿತ್ರ ತೆಗೆಸಿ, ಮಾಹಿತಿ ದಾಖಲಿಸುವ ಅವಧಿ ಮುಗಿಯುವ ಮೊದಲೇ ಮರುಪರಿಶೀಲನೆಗೆ ಲಿಖಿತವಾಗಿ ಕೋರುವುದು ಅವಶ್ಯಕ. ಅಂತಹ ಮನೆಗೆ ಕುಟುಂಬವು ಕೂಡಲೇ ಮರಳದಂತೆ ನೋಡಿಕೊಳ್ಳುವುದು ಅದಕ್ಕಿಂತಲೂ ಅವಶ್ಯಕ. ಪಾತ್ರೆಪಗಡ ತರಲೆಂದು ಒಳಹೊಕ್ಕವರ ಮೇಲೆ ಗೋಡೆ ಬೀಳುವ ಅಪಾಯವಿರುತ್ತದೆ.

ಇನ್ನೊಂದು ತೊಡಕು ಆಸ್ತಿ ದಾಖಲೆಯದು. ತಂದೆಯ ಹೆಸರಿನಲ್ಲಿಯೇ ಉಳಿದ ಮನೆಯಲ್ಲಿ ಮೂವರು ಸಹೋದರರು ಬೇರೆ ಬೇರೆ ಒಲೆ ಹೂಡಿರುತ್ತಾರೆ. ನೆರೆಯ ನಂತರ ಯಾರ ಹೆಸರಿಗೆ ಪರಿಹಾರ ಎಂಬ ಪ್ರಶ್ನೆ ಎದ್ದಾಗ ಮೂವರಿಗೂ ತಡವಾಗುತ್ತದೆ. ಪೌತಿ ಖಾತೆ ಬದಲಾವಣೆ ಮತ್ತು ಇ-ಸ್ವತ್ತು ದಾಖಲೆಗಳನ್ನು ತಗ್ಗು ಪ್ರದೇಶದ ಓಣಿಗಳಿಂದಲೇ ಆರಂಭಿಸಿ ಬೇಸಿಗೆಯಲ್ಲಿ ಪೂರ್ಣಗೊಳಿಸಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಸ್ಥಳಾಂತರದ ವಿಷಯದಲ್ಲಿ 2009ರ ಅನುಭವವನ್ನು ಮರೆಯುವಂತಿಲ್ಲ. ಆ ವರ್ಷದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಹಾಮಳೆಯ ನಂತರ ಉತ್ತರ ಕರ್ನಾಟಕದಲ್ಲಿ 'ಆಸರೆ' ಯೋಜನೆಯಡಿ ದಾನಿಗಳ ನೆರವಿನಿಂದ ಎತ್ತರದ ಸ್ಥಳಗಳಲ್ಲಿ ನವಗ್ರಾಮಗಳು ನಿರ್ಮಾಣವಾದವು. ಮನೆಗಳು ಪಕ್ಕಾ ಆಗಿದ್ದವು, ಆದರೂ ಅನೇಕವು ವರ್ಷಗಟ್ಟಲೆ ಖಾಲಿ ಉಳಿದವು. ಹೊಲ ದೂರವಾಯಿತು, ಎತ್ತು ಎಮ್ಮೆ ಕಟ್ಟಲು ಮತ್ತು ಬಣವೆ ಒಟ್ಟಲು ಜಾಗವಿರಲಿಲ್ಲ, ಕೂಡು ಕುಟುಂಬಕ್ಕೆ ಒಂದೇ ಚಿಕ್ಕ ಮನೆ ಸಾಲಲಿಲ್ಲ. ಜನರನ್ನು ಹಟಮಾರಿಗಳೆಂದು ದೂರುವುದು ಸುಲಭ. ಆದರೆ ಕೊಟ್ಟಿಗೆಯಿಲ್ಲದ ಮನೆಯು ರೈತನಿಗೆ ಅರ್ಧ ಮನೆ ಮಾತ್ರ. ಹಳೆಯ ಊರಿನಲ್ಲಿಯೇ ಉಳಿದವರು 2019ರಲ್ಲಿ ಪುನಃ ನೀರಿಗೆ ಸಿಲುಕಿದರು. ಹೊಳೆಆಲೂರು, ಕೊಣ್ಣೂರು ಭಾಗದ ಸಂಕಷ್ಟ ಸದಸ್ಯರ ನೆನಪಿನಲ್ಲಿರಬಹುದು. ಆದ್ದರಿಂದ ಸ್ಥಳಾಂತರದ ಪ್ರಸ್ತಾವನೆ ಸಿದ್ಧವಾಗುವ ಮೊದಲೇ ಗ್ರಾಮಸಭೆಯಲ್ಲಿ ಹೊಲದ ದಾರಿ, ಜಾನುವಾರುಗಳ ಸಂಖ್ಯೆ, ಒಲೆಗಳ ಸಂಖ್ಯೆ ಇವುಗಳನ್ನು ಬರೆಸಿಕೊಳ್ಳಬೇಕು. ಮಹಿಳಾ ಸದಸ್ಯರು ಈ ಎಣಿಕೆಯಲ್ಲಿದ್ದರೆ ಒಲೆಗಳ ಲೆಕ್ಕ ತಪ್ಪುವುದಿಲ್ಲ.

ಹಳೆಯ ನೀರಿನ ಗುರುತನ್ನೇ ನಂಬುವುದು ಮಾತ್ರ ಸಾಲದು. ನದಿಪಾತ್ರ ಒತ್ತುವರಿಯಿಂದ ಕಿರಿದಾಗಿ, ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿರುವ ಕಡೆ, ಹಿಂದೆ ದಡದೊಳಗೆ ಹರಿಯುತ್ತಿದ್ದಷ್ಟೇ ನೀರು ಈಗ ಊರಿಗೆ ನುಗ್ಗಬಹುದು. ನವಿಲುತೀರ್ಥ ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟಾಗ, ಎಷ್ಟು ಗಂಟೆಗಳ ನಂತರ, ಯಾವ ಓಣಿಗೆ ನೀರು ಬಂದಿತೆಂಬುದನ್ನು ಪ್ರತಿ ನೆರೆಯಲ್ಲಿಯೂ ವಹಿಯಲ್ಲಿ ಬರೆದಿಟ್ಟರೆ, ಮುಂದಿನ ಬಾರಿ ಜಲಾಶಯದಿಂದ ಬರುವ ಎಚ್ಚರಿಕೆಯು ಯಾರನ್ನು ಮೊದಲು ಎಬ್ಬಿಸಬೇಕೆಂದು ತಿಳಿಸುತ್ತದೆ.

2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಪ್ರಕರಣವು ಪರಿಹಾರ, ಪುನರ್ವಸತಿ ಹಾಗೂ ಪುನರ್ನಿರ್ಮಾಣ ಕಾರ್ಯವನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳಲ್ಲಿ ಸೇರಿಸಿದೆ. ಪಂಚಾಯತಿಯೂ ಆ ವ್ಯಾಖ್ಯೆಯೊಳಗೆ ಬರುತ್ತದೆ. ಮಣ್ಣಿನ ಮನೆಗಳ ಪಟ್ಟಿ, ಖಾತೆ ಬಾಕಿ ಇರುವ ಆಸ್ತಿಗಳ ಪಟ್ಟಿ ಮತ್ತು ನೀರಿನ ಗುರುತಿನ ವಹಿ, ಈ ಮೂರನ್ನೂ ಮುಂಗಾರಿಗೆ ಮೊದಲಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿ ನಡವಳಿಯಲ್ಲಿ ದಾಖಲಿಸತಕ್ಕದ್ದು. ವಹಿಯ ಒಂದು ಪ್ರತಿಯನ್ನು ನೀರು ತಲುಪದ ಎತ್ತರದ ಶಾಲೆಯಲ್ಲಿ ಇರಿಸತಕ್ಕದ್ದು. ಪಂಚಾಯತಿ ಕಚೇರಿಯೇ ತಗ್ಗಿನಲ್ಲಿರುವ ಗ್ರಾಮಗಳೂ ಇವೆ.